ಹೊಸ್ತಿಲು ಹಣ್ಣಾದ ವರ್ಷ

ಸೇತುವೆ ಆದ ಮೇಲೆ ನನ್ನನ್ನು ಕಂಡವರೆಲ್ಲ ಕೇಳುವುದು ಒಂದೇ ಮಾತು, ಇನ್ನೂ ಆ ಲಾಂಚು ಯಾಕೆ ಎಂದು. ಅವರು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಬಸ್ಸು ಕಾರುಗಳೆಲ್ಲ ಹಿನ್ನೀರಿನ ಮೇಲೆ ಸೊಯ್ಯನೆ ದಾಟಿ ಆಚೆ ದಡ ಸೇರುತ್ತಿರುವಾಗ, ಅರವತ್ತರ ಹತ್ತಿರದ ಹೆಂಗಸೊಬ್ಬಳು ಬೇಸಿಗೆ ಬಂತೆಂದರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ದಡಕ್ಕೆಳೆದ ಮರದ ಲಾಂಚಿನ ಹೊಟ್ಟೆಯಡಿ ಅಂಗಾತ ಮಲಗಿ, ಒಂದೊಂದು ಹಲಗೆಯನ್ನೂ ಕೊಡತಿಯಿಂದ ಬಡಿದು ಕಿವಿಗೊಟ್ಟು ಕೇಳುತ್ತಿದ್ದರೆ, ನೋಡಿದವರಿಗೆ ಇವಳಿಗೆ ತಲೆ ಕೆಟ್ಟಿದೆ ಅನ್ನಿಸಬೇಕಾದ್ದೇ. ಅನ್ನಿಸಲಿ. ಹೋದ ವಾರ ಸಾಗರದಿಂದ ಬಂದ ತಮ್ಮನ ಮಗ ಲಾಂಚಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ, ಎಂಜಿನ್ನಿನ ಮೇಲಿನ ಹಲಗೆ ಎತ್ತಿ ಇಣುಕಿದ, ಮೂಗು ಮುರಿದು ಹೇಳಿದ:

"ಲಾಂಚೂ ಹಣ್ಣಾಗಿದೆ ಅತ್ತೆ, ನೀವೂ ಹಣ್ಣಾಗಿದೀರಿ. ಎಂಜಿನ್ ಬಿಚ್ಚಿ ಗುಜರಿಗೆ ಹಾಕಿ ಆರಾಮಾಗಿರಿ."

ನನ್ನನ್ನು ಹಣ್ಣು ಮುದುಕಿ ಅಂದದ್ದಕ್ಕೆ ನನಗೆ ಬೇಸರವಿಲ್ಲ, ಕನ್ನಡಿ ನಮ್ಮ ಮನೆಯಲ್ಲೂ ಇದೆ. ಆದರೆ ಬಡಿದು ನೋಡದೆ ಮರವನ್ನು ಹಣ್ಣಾಗಿದೆ ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಲಾಂಚಿನ ಮರಕ್ಕೆ ಆ ಮಾತನ್ನು ಮೊದಲು ಬಳಸಿದವಳೇ ನಾನು. ಆಗ ನನಗೆ ಹನ್ನೊಂದು ವರ್ಷ. ಆ ಒಂದು ಮಾತಿಗೆ ಅಜ್ಜಿಯ ಕೈಯಿಂದ ಕೆನ್ನೆಗೆ ಏಟು ತಿಂದೆ. ಈ ನಾಗವೇಣಿಗೆ ಇಷ್ಟು ಹಟ ಎಲ್ಲಿಂದ ಬಂತು ಎಂದು ಕೇಳುವವರಿಗೆ ಆ ಒಂದು ವರ್ಷದ ಸುದ್ದಿ ಹೇಳಿದರೆ ಸಾಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ನಾನು ಹುಟ್ಟಿ ಬೆಳೆದ ಮನೆಗೆ ಹೊಸ್ತಿಲಿರಲಿಲ್ಲ. ಬಾಗಿಲಿತ್ತು, ಅಗುಳಿಯಿತ್ತು, ಬಾಗಿಲ ಕೆಳಗೆ ಮಾತ್ರ ನೆಲ ಬೋಳಾಗಿ ಒಳಗಿನಿಂದ ಹೊರಗೆ ಹಾಗೇ ಹರಿದು ಹೋಗುತ್ತಿತ್ತು. ಕೋಳಿ ಬರುತ್ತಿತ್ತು, ಕಪ್ಪೆ ಬರುತ್ತಿತ್ತು, ಒಮ್ಮೆ ಒಂದು ಕೇರೆ ಹಾವು ಯಾರ ಹಂಗೂ ಇಲ್ಲದೆ ಒಳಗೆ ಬಂದು ಒಲೆಯ ಹಿಂದೆ ಮಲಗಿತ್ತು. ಹೊಸ್ತಿಲಿಲ್ಲದ ಮನೆಗೆ ಲಕ್ಷ್ಮಿ ಎಲ್ಲಿ ನಿಲ್ಲುತ್ತಾಳೆ ಎಂದು ನೆಂಟರು ಆಡಿಕೊಳ್ಳುತ್ತಿದ್ದರು. ಆಡಿಕೊಂಡವರಿಗೆ ಅಜ್ಜಿ ನೀರಿನ ಕಡೆ ಕೈ ತೋರಿಸುತ್ತಿದ್ದಳು. ಹೊಸ್ತಿಲು ಅಲ್ಲಿತ್ತು, ನಮ್ಮ ಲಾಂಚಿನಲ್ಲಿ, ಎಂಜಿನ್ನಿನ ಅಡಿಯಲ್ಲಿ.

ಅದು ಅಲ್ಲಿಗೆ ಹೋದದ್ದು ಹೀಗೆ. ಅಣೆಕಟ್ಟಿನ ನೀರು ಏರುವ ಮೊದಲು ನಮ್ಮ ಹಿರಿಯರ ಮನೆ ಈಗ ಹಿನ್ನೀರಿನ ತಳದಲ್ಲಿರುವ ಕಣಿವೆಯಲ್ಲಿತ್ತು. ನಮ್ಮವರು ಗೇಣಿಗೆ ಉಳುತ್ತಿದ್ದವರು. ಹೆಸರಿನಲ್ಲಿ ಗೇಣು ನೆಲವೂ ಇಲ್ಲದವರಿಗೆ ಪರಿಹಾರ ಕೇಳುವ ಹಕ್ಕೂ ಇರುವುದಿಲ್ಲ ಎಂದು ಸರ್ಕಾರದ ಕಡೆಯಿಂದ ಬಂದವರು ಹೇಳಿ ಹೋದರಂತೆ. ಅಜ್ಜ ತಲೆಯ ಮೇಲೆ ಕೈ ಹೊತ್ತು ಕೂತರೆ ಅಜ್ಜಿ ಹಾರೆ ತೆಗೆದುಕೊಂಡಳು. "ನೆಲ ಅವ್ರದ್ದು, ಮುಳುಗಿಸ್ಕಳ್ಲಿ. ಮರ ನಮ್ದು" ಎಂದು ಹೆಬ್ಬಾಗಿಲಿನ ಚೌಕಟ್ಟನ್ನು ಹೊಸ್ತಿಲ ಸಮೇತ ಕಿತ್ತಳು, ನಡುಮನೆಯ ಕೆತ್ತನೆಯ ಕಂಬ ಮುಂಡಿಗೆಯನ್ನೂ ಇಳಿಸಿ ಗಾಡಿಗೆ ಹಾಕಿದಳು, ಗುಡ್ಡ ಹತ್ತಿದಳು. ಹತ್ತಿ ಹಿಂದೆ ತಿರುಗಿಯೂ ನೋಡಲಿಲ್ಲವಂತೆ. ನೀರು ನಿಂತ ಮೇಲೆ, ಹಿನ್ನೀರಿನ ಆಚೆ ಸಿಕ್ಕಿಬಿದ್ದ ಊರುಗಳ ಜನರನ್ನು ದಾಟಿಸಲು ಅಪ್ಪ ಲಾಂಚು ಕಟ್ಟಿಸಿದರು. ಯಾವುದೋ ಅಕ್ಕಿ ಗಿರಣಿ ಹೊರಗೆ ಹಾಕಿದ ಡೀಸೆಲ್ ಎಂಜಿನ್ ಸಿಕ್ಕಿತು. ದೋಣಿ ಕೆಲಸ ಬಲ್ಲ ಆಚಾರಿಯೊಬ್ಬರು ತೀರ್ಥಹಳ್ಳಿ ಕಡೆಯಿಂದ ಹೊಸನಗರಕ್ಕೆ ಬಂದು, ಅಲ್ಲಿ ಬಸ್ಸು ಬದಲಿಸಿ, ಉಳಿ ಕೊಡತಿಗಳ ಚೀಲದ ಜೊತೆ ಇಳಿದರು. ಎಂಜಿನ್ ಕೂರಿಸಲು ಅದರ ಎಡಕ್ಕೆ ಬಲಕ್ಕೆ ಜಗ್ಗದ ಎರಡು ತೊಲೆ ಬೇಕು ಎಂದು ಅವರು ಕೇಳಿದಾಗ ಅಜ್ಜಿ ಅಟ್ಟದಿಂದ ಆ ಚೌಕಟ್ಟನ್ನು ಇಳಿಸಿದಳು. ಬಲಕ್ಕೆ ಹೊಸ್ತಿಲು, ಎಡಕ್ಕೆ ಬಾಗಿಲಿನ ಮೇಲುಪಟ್ಟಿ. ಎರಡೂ ಒಂದೇ ಹೆಬ್ಬಲಸಿನ ಮರದವು. ಹೊಸ ಮನೆಯ ಬಾಗಿಲಿಗೆ ಏನು ಮಾಡುವುದು ಎಂದು ಅಪ್ಪ ಕೇಳಿದ್ದಕ್ಕೆ ಅಜ್ಜಿ ಕೊಟ್ಟ ಉತ್ತರ ನಮ್ಮ ಕಡೆ ಈಗಲೂ ಮಾತಿಗೆ ಸಿಗುತ್ತದೆ:

"ಈ ಜಾಗದ ಹೆಸ್ರೇ ಹೊಳೆಬಾಗ್ಲು. ಬಾಗ್ಲು ಹೊಳೇಲಿ ಐತೆ ಅಂದ್ಮೇಲೆ ಹೊಸ್ತಿಲೂ ಹೊಳೇಲೇ ಇರ್ಲಿ."

ಹೊಸ್ತಿಲು ನೀರಿನ ಮೇಲಿದ್ದರೂ ಹೊಸ್ತಿಲೇ. ಶುಕ್ರವಾರ ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಮುಂಚೆ ಅಜ್ಜಿ ಎಂಜಿನ್ ಗುಂಡಿಗೆ ಇಳಿದು ಹೊಸ್ತಿಲಿಗೆ ಒಂದು ಕೊಡ ನೀರು ಹೊಯ್ದು ತಿಕ್ಕಿ ತೊಳೆಯುತ್ತಿದ್ದಳು. ಅರಿಶಿನ, ಕುಂಕುಮ, ಹೂವು. ಹಬ್ಬಕ್ಕೆ ಗೋಡೆಗೆ ಸಾರಿಸುವ ಹಾಗೆ ಅದಕ್ಕೂ ಕೆಮ್ಮಣ್ಣು ಸಾರಿಸಿ, ಮೇಲೆ ಅಕ್ಕಿಹಿಟ್ಟಿನಲ್ಲಿ ಚಿತ್ತಾರದ ಎಳೆ ಎಳೆಯುತ್ತಿದ್ದಳು. ಲಾಂಚಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗಬೇಕಾದವರು ಅದನ್ನು ದಾಟಲೇಬೇಕು, ಆದರೆ ತುಳಿಯುವ ಹಾಗಿಲ್ಲ. ಹೊರೆ ಹೊತ್ತವರು, ಬಸುರಿಯರು, ಆಚೆ ದಡದ ಶಾಲೆಗೆ ಹೋಗುವ ಮೇಷ್ಟ್ರು, ಎಲ್ಲರೂ ಕಾಲೆತ್ತಿ ದಾಟುತ್ತಿದ್ದರು. ನನ್ನ ಅವ್ವ ಮದುವೆಯಾಗಿ ಬಂದ ದಿನ ಮನೆ ತುಂಬಿಸಿಕೊಂಡದ್ದೂ ಲಾಂಚಿನಲ್ಲೇ. ಹೊಸ್ತಿಲ ಮೇಲಿಟ್ಟ ಸೇರಕ್ಕಿಯನ್ನು ಅವ್ವ ಬಲಗಾಲಿನಲ್ಲಿ ಒದ್ದದ್ದೇ ತಡ, ಅಕ್ಕಿಯೆಲ್ಲ ಎಂಜಿನ್ನಿನ ಅಡಿಗೆ ಚೆಲ್ಲಿ, ತಳದ ನೀರೆತ್ತುವ ಕೈಪಂಪಿನ ಗಂಟಲಿಗೆ ಸಿಕ್ಕಿಕೊಂಡು, ಮದುವಣಗಿತ್ತಿಯ ಕಾಲು ನೆನೆಯುವಷ್ಟು ನೀರು ತುಂಬಿತಂತೆ. ಅವ್ವ ಈ ಸಂಗತಿಯನ್ನು ಜೀವಮಾನವಿಡೀ ಅಜ್ಜಿಗೆ ನೆನಪಿಸುತ್ತಿದ್ದಳು.

ಮನೆಯೊಳಗೂ ಎಲ್ಲಿ ನೋಡಿದರೂ ಲಾಂಚೇ. ಅಪ್ಪ ಎಂಜಿನ್ನಿನ ನಾಜಲ್ಲುಗಳನ್ನು ಗಂಜಿ ಬಸಿಯುವ ಪಾತ್ರೆಯಲ್ಲಿ ಸೀಮೆಎಣ್ಣೆ ಹಾಕಿ ತೊಳೆಯುತ್ತಿದ್ದರು. ಅವ್ವ ಬೂದಿ ಹಾಕಿ, ಹುಣಸೆಹಣ್ಣು ಹಾಕಿ ಎಷ್ಟು ಉಜ್ಜಿದರೂ ಮಾರನೆಯ ದಿನದ ಗಂಜಿಗೆ ಎಂಜಿನ್ನಿನ ವಾಸನೆ. ಆ ಗಂಜಿ, ಸುಟ್ಟ ಒಣಮೀನು, ಜೊತೆಗೆ ಜಗಳ, ಇದು ನಮ್ಮ ಬೆಳಗಿನ ಊಟ. ಅಜ್ಜಿ ಮತ್ತು ಅವ್ವ ಎತ್ತು ಏರಿಗೆ, ಕೋಣ ನೀರಿಗೆ. ಅಜ್ಜಿ ಉಪ್ಪು ಹೆಚ್ಚು ಅಂದರೆ ಅವ್ವ ನಾಳೆ ಇನ್ನೊಂದು ಚಿಟಿಕೆ ಹೆಚ್ಚು ಹಾಕುತ್ತಿದ್ದಳು. ನಡುವೆ ಕೂತ ಅಪ್ಪನ ಬಾಯಿಗೆ ಬೀಗ. ನೀರಿನ ಮೇಲೆ ನಲವತ್ತು ಜನರನ್ನು ಗಾಳಿಗೆ ಹೆದರದೆ ದಾಟಿಸುವ ಮನುಷ್ಯ, ಒಲೆಯ ಮುಂದೆ ತಾಯಿಗೆ ಎದುರು ಮಾತಾಡಲಾರದೆ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದರು. ನನಗೆ ಅದನ್ನು ನೋಡಿ ಸಿಟ್ಟು ಬರುತ್ತಿತ್ತು. ಈಗಲೂ ಬರುತ್ತದೆ.

ಆದರೆ ಮರವನ್ನು ಕೇಳುವುದನ್ನು ಕಲಿಸಿದವರು ಅಪ್ಪನೇ. ಬೇಸಿಗೆಯಲ್ಲಿ ನೀರು ಇಳಿದು, ಮುಳುಗಿದ ಕಾಡಿನ ಕರಿ ಬೊಡ್ಡೆಗಳು ತಲೆಯೆತ್ತುವ ಹೊತ್ತಿಗೆ ಲಾಂಚನ್ನು ದಡಕ್ಕೆ ಎಳೆದು ತಪಾಸಣೆ ಮಾಡುವುದು ವಾಡಿಕೆ. ತಮ್ಮ ಇನ್ನೂ ಅವ್ವನ ಸೊಂಟದ ಮೇಲಿದ್ದ, ಹಾಗಾಗಿ ಲಾಂಚಿನ ಹೊಟ್ಟೆಯಡಿ ತೂರುವ ಕೆಲಸ ನನ್ನದಾಗಿತ್ತು. ಹಲಗೆಗಳ ಸಂದಿಗೆ ಹತ್ತಿ ತುರುಕಿ ರಾಳ ಮೆತ್ತುವುದು, ಬೊಡ್ಡೆಗೆ ತಾಗಿ ಸೊಟ್ಟಗಾದ, ನೀರು ತಳ್ಳುವ ಫ್ಯಾನಿನ ಎಲೆಗಳನ್ನು ಅಳೆಯುವುದು, ಎಂಜಿನ್ನಿನಿಂದ ಫ್ಯಾನಿಗೆ ಹೋಗುವ ಉದ್ದನೆಯ ಶಾಫ್ಟು ಹೊರಗೆ ಹೊರಡುವ ಕಡೆ ನೀರು ಒಳಗೆ ಬಾರದಂತೆ ಕೊಬ್ಬು ಸವರಿದ ಹಗ್ಗ ಬಿಗಿಯುವುದು. ಎಲ್ಲಕ್ಕಿಂತ ಮೊದಲು ಬಡಿಯುವುದು. ಅಪ್ಪ ಹೇಳಿಕೊಟ್ಟಿದ್ದು ಇಷ್ಟೇ:

"ಬಣ್ಣ ನೋಡ್ಬ್ಯಾಡ ನಾಗಿ. ಹಲಸಿನಕಾಯಿ ಬಡ್ದು ನೋಡ್ತೀಯಲ್ಲ, ಹಂಗೇ ಇದೂವ. ಠಣ್ ಅಂದ್ರೆ ಒಳ್ಳೇದು. ದೊಬ್ ಅಂದ್ರೆ ನನ್ನ ಕರಿ."

ಹಲಸಿನಕಾಯಿ ಬಡಿಯುವುದು ನನಗೆ ಗೊತ್ತಿತ್ತು. ಎಳೆಯದಾದರೆ ಗಟ್ಟಿ ಸದ್ದು, ಹಣ್ಣಾದರೆ ಒಳಗಿಂದ ದೊಬ್ ಅನ್ನುವ ಮೆತ್ತನೆ ಸದ್ದು. ಹಲಸಿನಲ್ಲಿ ಕಾದು ಕೂರುವ ಸದ್ದು ಲಾಂಚಿನಲ್ಲಿ ಕೇಳಲೇಬಾರದ ಸದ್ದು, ವ್ಯತ್ಯಾಸ ಅಷ್ಟೇ.

ಆ ವರ್ಷ ಲಾಂಚು ನಡುಗಲು ಶುರುಮಾಡಿತ್ತು. ನಡುನೀರಿಗೆ ಹೋಗಿ ಅಪ್ಪ ವೇಗ ಹೆಚ್ಚಿಸಿದರೆ ಸಾಕು, ಹಲಗೆಗಳೆಲ್ಲ ಗಡಗಡ ಅನ್ನುತ್ತಿದ್ದವು, ಕೂತವರ ಹಲ್ಲು ತಾಳ ಹಾಕುತ್ತಿತ್ತು. ಶಾಫ್ಟಿನ ಸಂದಿಯಿಂದ ನೀರು ಜಿನುಗುವುದು ಹೆಚ್ಚಾಗಿತ್ತು. ಬೇಸಿಗೆಗೆ ಎಳೆದು ಹಾಕಿ ಅಪ್ಪ ಫ್ಯಾನು ಬಿಚ್ಚಿ ನೇರ ಮಾಡಿಸಿದರು, ಶಾಫ್ಟನ್ನು ನೂಲು ಹಿಡಿದು ನೋಡಿದರು, ಹಗ್ಗ ಹೊಸದು ಹಾಕಿದರು. ಎಲ್ಲವೂ ಸರಿ ಇತ್ತು. ಹಾಗಾದರೆ ನಡುಕ ಎಲ್ಲಿಂದ? ಅಪ್ಪ ಬೀಡಿ ಹಚ್ಚಿಕೊಂಡು ಎಂಜಿನ್ನನ್ನೇ ನೋಡುತ್ತ ಕೂತಿದ್ದರು. ನಾನು ಹೊರಗಿನ ಹಲಗೆಗಳನ್ನೆಲ್ಲ ಬಡಿದು ಮುಗಿಸಿ, ಗುಂಡಿಗೆ ಇಳಿದು ಎಡಗಡೆಯ ಮೇಲುಪಟ್ಟಿಯನ್ನು ಬಡಿದೆ. ಠಣ್ ಅಂತು. ಬಲಗಡೆ ಹೊಸ್ತಿಲು. ಅದನ್ನು ಯಾರೂ ಯಾವತ್ತೂ ಬಡಿದಿರಲಿಲ್ಲ. ಕೆಂಪಗೆ, ನುಣ್ಣಗೆ, ಚಿತ್ತಾರ ತುಂಬಿಕೊಂಡು ಲಕ್ಷಣವಾಗಿ ಮಲಗಿತ್ತು. ಅಜ್ಜಿ ಮೇಲೆ ನಿಂತು ಹೂ ಕಟ್ಟುತ್ತಿದ್ದಳು. ನಾನು ಬಡಿದೆ.

ದೊಬ್.

ಇನ್ನೊಂದು ಸಲ ಬಡಿದೆ. ನನಗೆ ಬೇರೆ ಮಾತು ಗೊತ್ತಿರಲಿಲ್ಲ. ಗೊತ್ತಿದ್ದ ಮಾತನ್ನೇ ಕೂಗಿ ಹೇಳಿದೆ:

"ಅಪ್ಪಾ, ಹೊಸ್ತಿಲು ಹಣ್ಣಾಗೈತೆ!"

ಅಜ್ಜಿ ಯಾವಾಗ ಕೆಳಗಿಳಿದಳೋ ಕಾಣೆ. ಕೆನ್ನೆಗೆ ಬಿದ್ದ ಏಟಿಗೆ ಕೊಡತಿ ಕೈಜಾರಿ ಬಿತ್ತು. ಲಕ್ಷ್ಮಿಯ ತಲೆಗೆ ಕೊಡತಿಯಲ್ಲಿ ಬಡಿಯುತ್ತೀಯಾ ಎಂದು ಅವಳು ಕೂಗಿದಳು. ನಾನು ಅಪ್ಪನ ಮುಖ ನೋಡಿದೆ. ಅವರಿಗೂ ಸದ್ದು ಕೇಳಿತ್ತು, ಅರ್ಥವೂ ಆಗಿತ್ತು. ಬೀಡಿ ಬೆರಳಿನಲ್ಲೇ ಉರಿದು ಹೋಗುತ್ತಿತ್ತು. ಅವರು ಎದ್ದು ಮನೆಯ ಕಡೆ ನಡೆದರು. ಏಟಿಗಿಂತ ನನಗೆ ಉರಿದದ್ದು ಅದು.

ಸರ್ವೆ ಸಾಹೇಬರು ಬರುವುದಕ್ಕೆ ನಾಲ್ಕು ದಿನವಿತ್ತು. ವರ್ಷಕ್ಕೊಮ್ಮೆ ಅವರು ಬಂದು ನೋಡಿ 'ಫಿಟ್' ಎಂದು ಕಾಗದ ಕೊಟ್ಟರೆ ಮಾತ್ರ ಜನರನ್ನು ಹತ್ತಿಸಬಹುದು. ಆ ನಾಲ್ಕು ದಿನ ಅಪ್ಪ ನನ್ನ ಕಣ್ಣು ತಪ್ಪಿಸಿ ಓಡಾಡಿದರು. ಕೊನೆಗೆ ಒಲೆಯ ಹತ್ತಿರ ಅವ್ವನಿಗೆ ಮೆಲ್ಲಗೆ ಹೇಳುತ್ತಿದ್ದುದನ್ನು ನಾನೇ ಕೇಳಿದೆ. ಹೊಸ್ತಿಲು ಕುಸಿದರೆ ಎಂಜಿನ್ ಒಂದು ಕಡೆ ವಾಲುತ್ತದೆ, ವಾಲಿದರೆ ಶಾಫ್ಟು ಸಂದಿ ಬಿಡಿಸಿಕೊಂಡು ಏಳುತ್ತದೆ, ಆಮೇಲೆ ಬರುವ ನೀರನ್ನು ಯಾವ ಪಂಪೂ ತಡೆಯುವುದಿಲ್ಲ. ಹಾಗಾದರೆ ಅತ್ತೆಗೆ ಹೇಳಿ ಎಂದಳು ಅವ್ವ. "ಅವ್ಳು ಮುಳುಗೋ ಮನೆಯಿಂದ ಹೊತ್ಕಂಡ್ ಬಂದಿದ್ದು ಕಣೇ ಅದು. ಹೆಂಗ್ ಹೇಳ್ಲಿ" ಎಂದರು ಅಪ್ಪ. ಅವ್ವ ನನ್ನ ಕಡೆ ತಿರುಗಿ ನೋಡಿದಳು, ಸೌಟು ಆಡಿಸತೊಡಗಿದಳು. ಆಚೆ ದಡದಲ್ಲಿ ಅವ್ವನ ತವರಿತ್ತು. ತಮ್ಮನನ್ನು ಕಟ್ಟಿಕೊಂಡು ವಾರಕ್ಕೊಮ್ಮೆ ಅವಳು ಅದೇ ಲಾಂಚಿನಲ್ಲಿ ದಾಟುತ್ತಿದ್ದಳು. ನನಗೆ ಹೆದರಿಕೆಯಾಯಿತು.

ಸಾಹೇಬರು ಒಳ್ಳೆಯ ಮನುಷ್ಯರು, ಅದನ್ನು ಹೇಳಿಬಿಡಬೇಕು. ಸಣ್ಣ ಸುತ್ತಿಗೆ ಹಿಡಿದು ಹೊರಗಿನ ಹಲಗೆಗಳನ್ನು ಒಂದೂ ಬಿಡದೆ ಬಡಿದರು. ಕೈಪಂಪು ಎತ್ತಿಸಿದರು, ಗಾಳಿ ತುಂಬಿದ ಟ್ಯೂಬುಗಳನ್ನು ಒತ್ತಿ ನೋಡಿದರು, ಎಂಜಿನ್ ಚಾಲು ಮಾಡಿಸಿ ಹೊಗೆ ನೋಡಿ ನಿಲ್ಲಿಸಿದರು. ಕೊನೆಗೆ ಗುಂಡಿಗೆ ಇಳಿಯಲು ಕಾಲು ಇಟ್ಟವರು ಹಾಗೇ ನಿಂತರು. ಹಿಂದಿನ ದಿನವಷ್ಟೇ ಅಜ್ಜಿ ಹೊಸದಾಗಿ ಕೆಮ್ಮಣ್ಣು ಸಾರಿಸಿದ್ದಳು. ಚಿತ್ತಾರ ಬೆಳ್ಳಗೆ ಹೊಳೆಯುತ್ತಿತ್ತು, ಮೇಲೆ ಕೆಂಪು ದಾಸವಾಳ.

"ಇದೇನಮ್ಮ ಇದು?"

"ನಮ್ಮನೆ ಹೊಸ್ತಿಲು ಸ್ವಾಮಿ."

ಸಾಹೇಬರು ಬೂಟು ಬಿಚ್ಚಿದರು. ಬಗ್ಗಿ ಬೆರಳ ತುದಿಯಿಂದ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ಸುತ್ತಿಗೆಯನ್ನು ಕಂಕುಳಿಗೆ ಸೇರಿಸಿ ಕೈ ಮುಗಿದು, ಬಡಿಯದೆ, ತುಳಿಯದೆ ವಾಪಸು ಇಳಿದರು. ದಡದಲ್ಲಿ ಹಾಕಿದ್ದ ಕುರ್ಚಿಯಲ್ಲಿ ಕೂತು ಪೆನ್ನಿನ ಟೊಪ್ಪಿ ತೆಗೆದರು. ಅಜ್ಜಿಯ ಮುಖದಲ್ಲಿ ಗೆದ್ದ ಕಳೆ. ಅಪ್ಪ ನೆಲ ನೋಡುತ್ತಿದ್ದರು. ದೊಡ್ಡವರಲ್ಲಿ ಒಬ್ಬರಾದರೂ ಬಾಯಿ ಬಿಡುತ್ತಾರೆ ಎಂದು ನಾನು ಕಾದೆ. ಯಾರೂ ಬಿಡಲಿಲ್ಲ. ಆಗ ಬಂದ ಸಿಟ್ಟು ನನ್ನ ಜೀವಮಾನದಲ್ಲಿ ಮತ್ತೆ ಬಂದಿಲ್ಲ. ಲಾಂಚು ಹತ್ತಿದೆ, ಲಂಗ ಎತ್ತಿ ಕಟ್ಟಿದೆ, ಎಲ್ಲರೂ ನೋಡಲಿ ಎಂದು "ಅಜ್ಜೀ" ಎಂದು ಕೂಗಿದೆ, ಕೂಗಿ ಎರಡೂ ಕಾಲು ಕೂಡಿಸಿ ಹೊಸ್ತಿಲ ಮೇಲೆ ಹಾರಿದೆ.

ಬಲಗಾಲು ಹರಡಿನವರೆಗೆ ಒಳಗೆ ಹೋಯಿತು. ಕೆಂಪು ಮಣ್ಣಿನ ಪದರ ಹಪ್ಪಳದ ಹಾಗೆ ಮುರಿದು ಒಳಗಿಂದ ಕಪ್ಪು ನೀರು ಚಿಮ್ಮಿತು, ಕೊಳೆತ ವಾಸನೆ ಬಂತು. ಎಂಜಿನ್ನಿನ ಆ ಕಡೆಯ ದಪ್ಪ ಬೋಲ್ಟು ಹಾಲುಹಲ್ಲಿನಂತೆ ಅಲ್ಲಾಡುತ್ತಿತ್ತು. ನಾನು ಕಾಲು ಕೀಳದೆ ಹಾಗೇ ನಿಂತೆ. ನೋವಾಗುತ್ತಿತ್ತು, ಚರ್ಮ ಸುಲಿದಿತ್ತು, ಆದರೂ ಕೀಳಲಿಲ್ಲ. ಸಾಹೇಬರು ಎದ್ದು ಬಂದು ಇಣುಕಿ ನೋಡಿದರು. ಆಮೇಲೆ ಕಾಗದವನ್ನು ಎರಡು ತುಂಡು ಮಾಡಿ ಜೇಬಿಗೆ ಹಾಕಿಕೊಂಡರು.

"ಈ ಹುಡುಗಿ ತುಳೀದಿದ್ರೆ ನಾನು ಸೈನ್ ಹಾಕ್ಬಿಡ್ತಿದ್ದೆ, ಯಜಮಾನ್ರೇ" ಎಂದರು.

ಅಜ್ಜಿ ನನಗೆ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಸೆರಗು ಕೊಡವಿಕೊಂಡು ಮನೆಗೆ ಹೋದಳು, ಆ ಹೊತ್ತಿನಿಂದ ನನ್ನ ಜೊತೆ ಮಾತು ಬಿಟ್ಟಳು. ಅಂದು ಅವ್ವ ಅರಿಶಿನ ಎಣ್ಣೆ ಬೆಚ್ಚಗೆ ಮಾಡಿ ನನ್ನ ಕಾಲಿಗೆ ಹಚ್ಚಿದಳು. ಗಂಜಿಯ ತಟ್ಟೆ ಮುಂದಿಟ್ಟು, ಅಜ್ಜಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ತುಳ್ದಿದ್ದು ತಪ್ಪು. ತುಳೀದೆ ಇದ್ದಿದ್ರೆ ಇನ್ನೂ ದೊಡ್ಡ ತಪ್ಪು. ಉಣ್ಣು."

ಮಳೆಗಾಲ ಬಂತು. ನೀರು ಏರಿದ ಹಾಗೆಲ್ಲ ಲಾಂಚನ್ನು ಉರುಳುಗಂಬದ ಮೇಲೆ ಇನ್ನಷ್ಟು ಮೇಲಕ್ಕೆ ಎಳೆದು ಸೋಗೆ ಹೊದಿಸಿ ಬಿಟ್ಟರು. ಆಚೆ ದಡದವರು ಚಿಕ್ಕ ದೋಣಿಗಳಲ್ಲಿ ನಾಲ್ಕು ನಾಲ್ಕು ಜನ ಕಂಬಳಿ ಹೊದ್ದು ಜೀವ ಬಿಗಿಹಿಡಿದು ದಾಟುತ್ತಿದ್ದರು, ದಾಟುವಾಗ ನಮ್ಮ ಮನೆಯ ಕಡೆ ನೋಡಿ ಬೈಯುತ್ತಿದ್ದರು. ನನಗೆ 'ಹೊಸ್ತಿಲು ತುಳಿದವಳು' ಎಂದು ಹೆಸರಾಯಿತು. ಇವಳನ್ನು ಯಾರು ಮನೆ ತುಂಬಿಸಿಕೊಳ್ಳುತ್ತಾರೆ ಎಂದರು. ಶಾಲೆಯಲ್ಲಿ ನಾನು ಬಂದರೆ ಹುಡುಗಿಯರು ಬಾಗಿಲಲ್ಲಿ ಸಾಲಾಗಿ ನಿಂತು ನನ್ನ ಕಾಲು ನೋಡುತ್ತಿದ್ದರು. ಮೊದಲ ವಾರ ಅಳುತ್ತಿದ್ದೆ. ಆಮೇಲೆ ಬೇಕೆಂದೇ ಹೊಸ್ತಿಲ ಮೇಲೆ ಕಾಲಿಟ್ಟು ಒಂದು ಕ್ಷಣ ನಿಂತು, ಅವರ ಮುಖ ನೋಡಿ, ಒಳಗೆ ಹೋಗಲು ಕಲಿತೆ. ಮನೆಯಲ್ಲಿ ಮಾತ್ರ ಆ ಧೈರ್ಯ ಬರುತ್ತಿರಲಿಲ್ಲ. ಅಜ್ಜಿ ನನ್ನ ತಟ್ಟೆಗೆ ಬಡಿಸುತ್ತಿದ್ದಳು, ತಲೆ ಬಾಚುತ್ತಿದ್ದಳು, ಒಂದು ಮಾತು ಆಡುತ್ತಿರಲಿಲ್ಲ. ಅವಳ ಬೆರಳು ತಲೆಯಲ್ಲಿ ಓಡಾಡುವಾಗ ನನಗೆ ಕಣ್ಣೀರು ಬರುತ್ತಿತ್ತು. ನಾನೂ ಬಾಯಿ ಬಿಡಲಿಲ್ಲ. ಅವಳ ಮೊಮ್ಮಗಳೇ ತಾನೆ.

ಭೂಮಿ ಹುಣ್ಣಿಮೆ ಹತ್ತಿರ ಬಂತು. ನಮ್ಮಲ್ಲಿ ಆ ಹಬ್ಬಕ್ಕೆ ಬುಟ್ಟಿಗೆ ಕೆಮ್ಮಣ್ಣು ಬಳಿದು ಚಿತ್ತಾರ ಬರೆದು, ಅಡುಗೆ ಹೊತ್ತು ಗದ್ದೆಗೆ ಹೋಗಿ ಬಸುರಿ ಭೂಮಿಗೆ ಉಣ್ಣಿಸುತ್ತಾರೆ. ಅಜ್ಜಿ ಬಟ್ಟಲಲ್ಲಿ ಕೆಮ್ಮಣ್ಣು ಕಲಸಿಕೊಂಡು ಕೂತವಳು, ಬೆರಳನ್ನು ಅದರಲ್ಲೇ ಇಟ್ಟುಕೊಂಡು ನೀರಿನ ಕಡೆ ನೋಡಿದಳು. ಆಮೇಲೆ ಎದ್ದು, ಕತ್ತಿ ಹಿಡಿದು ಲಾಂಚಿನ ಕಡೆ ನಡೆದಳು. ನಾನು ಹಿಂದೆ ಹಿಂದೆ ಹೋಗಿ ಸೋಗೆಯ ಸಂದಿಯಿಂದ ನೋಡಿದೆ. ಅವಳು ಗುಂಡಿಯಲ್ಲಿ ಕುಕ್ಕುರುಗಾಲಿನಲ್ಲಿ ಕೂತು ಹೊಸ್ತಿಲಿನ ಕೆಮ್ಮಣ್ಣನ್ನು ಕತ್ತಿಯಿಂದ ಹೆರೆಯುತ್ತಿದ್ದಳು. ಪದರದ ಕೆಳಗೆ ಪದರ, ಒಂದೊಂದು ಹಬ್ಬಕ್ಕೆ ಒಂದೊಂದು. ಪದರಗಳ ನಡುವೆಲ್ಲ ಹಸಿ. ತಳದಲ್ಲಿ ಅವ್ವ ಒದ್ದ ಸೇರಕ್ಕಿಯ ನಾಲ್ಕು ಕಾಳು ಕಪ್ಪಾಗಿ ಅಂಟಿಕೊಂಡಿದ್ದವು. ಅವಳು ನನ್ನ ಕಾಲು ಹೋಗಿದ್ದ ತೂತಿಗೆ ಕೈ ಹಾಕಿದಳು. ಮೊಣಕೈವರೆಗೂ ಹೋಯಿತು. ಮರ ಅವಲಕ್ಕಿಯ ಹಾಗೆ ಮುಷ್ಟಿಯಲ್ಲಿ ಬಂತು. ನಾನಿರುವುದು ಅವಳಿಗೆ ಗೊತ್ತಿತ್ತು. ತಿರುಗದೆ ಮಾತಾಡಿದಳು, ನಾಲ್ಕು ತಿಂಗಳ ಮೇಲೆ:

"ನೀರಿಂದ ಕಿತ್ಕಂಡ್ ಬಂದಿದ್ನಲ್ಲೇ ಇದನ್ನ. ತಂದು ನಾನೇ ವಾರ ವಾರ ನೀರು ಕುಡಿಸ್ದೆ. ಆ ಕಡೆ ಮೇಲುಪಟ್ಟಿ ನೋಡು, ಯಾರೂ ಪೂಜೆ ಮಾಡ್ಲಿಲ್ಲ. ಕಬ್ಬಿಣ ಇದ್ದಂಗೈತೆ."

ನಾನು ಇಳಿದು ಅವಳ ಪಕ್ಕ ಕೂತೆ. ತಪ್ಪಾಯಿತು ಅನ್ನಬೇಕು ಅನ್ನಿಸಿತು, ಆದರೆ ನನ್ನದು ತಪ್ಪಲ್ಲ ಎಂದು ನನಗೆ ಗೊತ್ತಿತ್ತು, ಅದಕ್ಕೇ ಅನ್ನಲಿಲ್ಲ. ಅವಳಿಗೂ ಅದು ಬೇಕಿರಲಿಲ್ಲ ಎಂದು ಈಗ ತಿಳಿಯುತ್ತದೆ.

ಆಮೇಲೆ ಅಜ್ಜಿಯನ್ನು ಹಿಡಿಯುವವರಿರಲಿಲ್ಲ. ಆಚಾರಿಗೆ ಹೇಳಿ ಕಳಿಸಿದಳು. ಮೂರು ಬಿದಿರನ್ನು ತುದಿ ಕೂಡಿಸಿ ನಿಲ್ಲಿಸಿ ಹಗ್ಗ ಕಟ್ಟಿ ಊರಿನವರೆಲ್ಲ ಸೇರಿ ಎಂಜಿನ್ನನ್ನು ಎತ್ತಿ ನೇತುಹಾಕಿದರು. ಹೊಸ್ತಿಲನ್ನು ತೆಗೆಯುವಾಗ ಅದು ಮೂರು ತುಂಡಾಯಿತು. ಇನ್ನು ಇಷ್ಟು ಗಟ್ಟಿ ಹಳೆಯ ಮರ ಎಲ್ಲಿ ಹುಡುಕುವುದು ಎಂದು ಆಚಾರಿ ತಲೆ ಕೆರೆದುಕೊಂಡರೆ, ಅಜ್ಜಿ ಮನೆಯೊಳಗೆ ಕರೆತಂದು ನಡುಮನೆಯ ಮುಂಡಿಗೆ ತೋರಿಸಿದಳು. ಮುಳುಗಿದ ಮನೆಯದೆಂದು ಈ ಮನೆಯಲ್ಲಿ ಉಳಿದಿದ್ದ ಕೊನೆಯ ದೊಡ್ಡ ಮರ ಅದು, ಮಾಡು ನಿಂತದ್ದೇ ಅದರ ಮೇಲೆ. ಬೇಡ ಎಂದು ಅಪ್ಪ ಆ ದಿನ ಮೊದಲ ಬಾರಿ ಬಾಯಿಬಿಟ್ಟರು.

"ಮನೆಗೆ ಯಾವ ಕಂಬ ಕೊಟ್ರೂ ನಿಲ್ತದೆ. ನೀರಿಗೆ ಸುಳ್ಳು ಕೊಡಕ್ಕಾಗಲ್ಲ" ಎಂದಳು ಅಜ್ಜಿ. ಎಂದವಳು ಕೊಡತಿ ತಂದು, ಎಲ್ಲರ ಎದುರು ನನ್ನ ಕೈಗೆ ಕೊಟ್ಟಳು. "ಬಡಿ ನಾಗಿ. ಹಣ್ಣಾ, ಕಾಯಾ, ನೀನು ಹೇಳು."

ನಾನು ಬುಡದಿಂದ ಕೈ ಎಟುಕುವಷ್ಟು ಎತ್ತರಕ್ಕೆ ಬಡಿದೆ. ಎತ್ತರ ಸಾಲದ ಕಡೆಗೆ ಅಪ್ಪ ನನ್ನನ್ನು ಎತ್ತಿ ಹಿಡಿದರು. "ಕಾಯಿ" ಎಂದೆ. ಮಾರನೆಯ ದಿನ ಮುಂಡಿಗೆ ಇಳಿಯಿತು, ಮತ್ತಿ ಮರದ ಒರಟು ಕಂಬವೊಂದು ಅದರ ಜಾಗಕ್ಕೆ ಬಂತು. ನಮ್ಮ ಮಾಡು ಈಗಲೂ ಅಲ್ಲಿ ಸ್ವಲ್ಪ ಬಗ್ಗಿದೆ, ಬಗ್ಗಿಯೇ ಇರಲಿ. ಹೊಸ್ತಿಲಿನ ಕೊಳೆತ ತುಂಡುಗಳನ್ನು ನೀರಿಗೆ ಬಿಡಬೇಕು, ಇಲ್ಲ ಮರದ ಬುಡದಲ್ಲಿಡಬೇಕು ಎಂದು ಒಬ್ಬೊಬ್ಬರು ಒಂದೊಂದು ಶಾಸ್ತ್ರ ಹೇಳಿದರು. ಅಜ್ಜಿ ಅವನ್ನು ಬಿಸಿಲಿಗೆ ಒಣಗಿಸಿ ಬಚ್ಚಲ ಒಲೆಗೆ ಹಾಕಿದಳು. "ನೀರಿಗೆ ಮತ್ತೆ ಕೊಡಲ್ಲ" ಎಂದಳು. ಆ ಬೆಂಕಿಯ ಬಿಸಿನೀರಿನಲ್ಲಿ ಮನೆಯವರೆಲ್ಲ ಮಿಂದರು. ಮೊದಲು ನನ್ನನ್ನು ಕೂರಿಸಿ, ಹಂಡೆಯ ನೀರು ಹೊಯ್ದು, ಸುಲಿದ ಗುರುತು ಉಳಿದಿದ್ದ ಬಲಗಾಲನ್ನು ತನ್ನ ಮಡಿಲಿಗೆ ಎಳೆದುಕೊಂಡು ಸೀಗೆಪುಡಿಯಿಂದ ಉಜ್ಜಿದಳು. ಇಬ್ಬರೂ ಅತ್ತೆವು. ಹೊಗೆ ಎಂದು ಅವ್ವನಿಗೆ ಹೇಳಿದೆವು.

ಸಾಹೇಬರು ಮತ್ತೆ ಬಂದಾಗ ಲಾಂಚು ಎಣ್ಣೆ ಕುಡಿದು ಮಿರುಗುತ್ತಿತ್ತು. ಅವರು ಹಲಗೆ ಬಡಿದರು, ಪಂಪು ನೋಡಿದರು, ಗುಂಡಿಯ ಹತ್ತಿರ ಬಂದರು. ಬಲಗಡೆ ಮುಂಡಿಗೆಯ ತೊಲೆ ಬೋಳಾಗಿ ಮಲಗಿತ್ತು, ಅದರ ಮೇಲೆ ಕುಂಕುಮದ ಒಂದು ಚುಕ್ಕೆಯೂ ಇರಲಿಲ್ಲ. ಆದರೂ ಹಳೆಯ ನೆನಪಿಗೆ ಅವರು ಬೂಟು ಬಿಚ್ಚಿ ಎರಡು ಕೈ ಕೂಡಿಸಿದರು.

"ಕೈ ಮುಗೀಬ್ಯಾಡಿ ಸ್ವಾಮಿ" ಎಂದಳು ಅಜ್ಜಿ. "ಕಾಲಿಡಿ."

ಅವರು ಹಿಂದೆ ಮುಂದೆ ನೋಡಿದರು. ಅಜ್ಜಿ ಕಾಯಲಿಲ್ಲ. ಎಪ್ಪತ್ತರ ಹೆಂಗಸು, ಸೀರೆಯ ನೆರಿಗೆ ಎತ್ತಿ ಹಿಡಿದು, ಆ ಮರದ ಮೇಲೆ ಎರಡೂ ಕಾಲಿಟ್ಟು ನಿಂತು, ಹಿಮ್ಮಡಿಯಿಂದ ಮೂರು ಸಲ ಗುದ್ದಿದಳು. ಲಾಂಚಿನ ತುಂಬ ಸದ್ದು ತುಂಬಿತು. ನನ್ನನ್ನು ಕೈಹಿಡಿದು ಎಳೆದು ಪಕ್ಕದಲ್ಲಿ ನಿಲ್ಲಿಸಿಕೊಂಡಳು. ಸಾಹೇಬರು ನಕ್ಕು, ಬೂಟು ಮತ್ತೆ ಹಾಕಿಕೊಂಡು, ತಾವೂ ಹತ್ತಿ ನಿಂತರು.

ಆ ಹೊಸ್ತಿಲಿನ ಒಂದು ತುದಿ ಮಾತ್ರ ಕೊಳೆತಿರಲಿಲ್ಲ, ಒಂದು ಮೊಳ ಉದ್ದದ್ದು. ಆಚಾರಿ ಅದನ್ನು ಒಲೆಗೆ ಹಾಕಲು ಬಿಡದೆ, ಕಡೆದು, ಹಿಡಿ ಹಾಕಿ, ಹೋಗುವ ದಿನ ನನಗೆ ಕೊಟ್ಟು ಹೋದರು. ನಾನು ಇಷ್ಟು ವರ್ಷ ಬಡಿಯುತ್ತಿರುವ ಕೊಡತಿ ಅದೇ. ಹೋದ ವಾರ ತಮ್ಮನ ಮಗನ ಕೈಗೆ ಕೊಟ್ಟು, ಬಾಯಲ್ಲಿ ಹೇಳಬೇಡ, ಬಡಿದು ಹೇಳು ಎಂದೆ. ಅವನು ನಗುತ್ತಲೇ ಗುಂಡಿಗೆ ಇಳಿದು, ಎಂಜಿನ್ನಿನ ಬಲಗಡೆಗೆ ಒಂದು ಬಡಿದ, ಎಡಗಡೆಗೆ ಒಂದು ಬಡಿದ. ನಗು ನಿಂತಿತು. ಹೊರಗೆ ಬಂದು ಹಲಗೆಗಳನ್ನೂ ಒಂದೊಂದಾಗಿ ಬಡಿಯತೊಡಗಿದ. ಸೇತುವೆಯ ಮೇಲೆ ಎರಡು ಬಸ್ಸು ಹೋದವು. ಅವನು ಲಾಂಚಿನ ಬುಡದವರೆಗೂ ಬಡಿದು ಮುಗಿಸಿ, ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

"ಎಲ್ಲಾ ಕಾಯಿನೇ ಐತೆ, ಅತ್ತೆ."

"ಹಂಗಾದ್ರೆ ಹೋಗಿ ನಾಲ್ಕು ಜನನ್ನ ಕರ್ಕಂಡ್ ಬಾ" ಎಂದೆ. "ನೀರಿಗೆ ಇಳಿಸ್ಬೇಕು."